ಬೆರಳುದ್ದದ ಸೀಸೆಗಳು

ಅಂಚೆಚೀಟಿಗಳನ್ನು ಕೂಡಿಡುವವನನ್ನು ವಿದ್ಯಾಸಕ್ತನೆಂದೂ ಹಳೆಯ ನಾಣ್ಯಗಳನ್ನು ಕೂಡಿಡುವವನನ್ನು ಚರಿತ್ರಪ್ರಿಯನೆಂದೂ ಮನ್ನಿಸುವ ನಮ್ಮ ಜನ, ಮದ್ಯದ ಪುಟ್ಟ ಸೀಸೆಗಳನ್ನು ಕೂಡಿಡುವವನೊಬ್ಬನಿದ್ದಾನೆಂದು ಕೇಳಿದರೆ ಮಾತ್ರ ಮೀಸೆಯ ಮರೆಯಲ್ಲಿ ನಗುವರು. ಕುಡಿತಕ್ಕೆ ಇದೊಂದು ಸಭ್ಯವಾದ ನೆಪವೆಂದು ಅವರ ಭಾವನೆ. ವಾಸ್ತವವು ಇದಕ್ಕೆ ತೀರ ವಿಪರೀತವಾದುದು. ಈ ಹವ್ಯಾಸದಲ್ಲಿ ನಿಷ್ಠೆಯುಳ್ಳವನು ತನ್ನ ಕಪಾಟಿನೊಳಗಿನ ನೂರಾರು ಬಗೆಯ ಮದ್ಯಗಳಲ್ಲಿ ಒಂದು ತೊಟ್ಟನ್ನೂ ನಾಲಗೆಗೆ ಸೋಕಿಸುವಂತಿಲ್ಲ. ಮುಚ್ಚಳದ ಮುದ್ರೆ ಒಡೆದ ಕ್ಷಣದಲ್ಲಿಯೇ ಸೀಸೆಯ ಬೆಲೆಯಲ್ಲಿ ಬಹುಭಾಗ ಹಾರಿಹೋಗುವುದರಿಂದ, ಮದ್ಯದ ನಡುವೆ ಕುಳಿತೂ ಅದನ್ನು ಮುಟ್ಟದಿರುವ ಒಂದು ಬಗೆಯ ವ್ರತವೇ ಅವನ ಪಾಲಿಗೆ ಬಂದಿರುತ್ತದೆ. ಬ್ರಿಟನ್ನು, ಅಮೆರಿಕ ಮೊದಲಾದ ದೇಶಗಳಲ್ಲಿ ಈ ವ್ರತಸ್ಥರ ಸಂಘಗಳುಂಟು. ಅವರು ಒಂದೆಡೆ ನೆರೆದು ಸೀಸೆಗಳನ್ನು ಅದಲುಬದಲು ಮಾಡಿಕೊಳ್ಳುವುದೂ, ಯಾವುದು ಅಪೂರ್ವ ಯಾವುದು ಸಾಮಾನ್ಯವೆಂದು ಗಂಟೆಗಟ್ಟಲೆ ವಾದಿಸುವುದೂ ಉಂಟು. ಶಿಕಾರಿಪುರ ಸೊರಬಗಳ ಸೀಮೆಯಲ್ಲಿ ಇಂತಹ ಸಂಘವಿಲ್ಲ. ಆದರೂ ಈ ಹವ್ಯಾಸವು ಕೇಳುವ ಪ್ರಶ್ನೆಗೆ, ಅಂದರೆ ಒಂದು ಸೀಸೆ ಇಷ್ಟು ಚಿಕ್ಕದೇಕಾಯಿತು ಎಂಬುದಕ್ಕೆ, ಈ ಎರಡು ತಾಲ್ಲೂಕುಗಳ ಬದುಕಿನಲ್ಲಿ ದೊರೆಯುವ ಉತ್ತರವು ಹೊರದೇಶಗಳ ಉತ್ತರಕ್ಕಿಂತ ಕಡಮೆ ಸ್ವಾರಸ್ಯದ್ದಲ್ಲ.

ಮೊದಲು ವಸ್ತುವನ್ನೇ ಕೈಗೆತ್ತಿಕೊಂಡು ನೋಡೋಣ. ಹೊರದೇಶಗಳಲ್ಲಿ ಕಿರುಸೀಸೆಯೆಂದರೆ ಸಾಮಾನ್ಯವಾಗಿ 50 ಮಿಲಿಲೀಟರು ಹಿಡಿಯುವುದು. ಭಾರತದಲ್ಲಿ 60 ಮಿಲಿಲೀಟರಿನದು, ಎಂದರೆ ಹೋಟೆಲಿನವರು ದೊಡ್ಡ ಪೆಗ್ಗು ಎನ್ನುವ ಅಳತೆಯದು. ನಡುಬೆರಳಿಗಿಂತ ತುಸು ಎತ್ತರ, ಅಂಗೈ ಮುಚ್ಚಿದರೆ ಕತ್ತು ಮಾತ್ರ ಹೊರಗೆ ಕಾಣುವಷ್ಟು ಗಾತ್ರ. ಆದರೆ ಅದರ ಮೈಮೇಲಿನ ಚೀಟಿಯಲ್ಲಿ ದೊಡ್ಡ ಸೀಸೆಯ ಚೀಟಿಯಲ್ಲಿರುವ ಒಂದಕ್ಷರವನ್ನೂ ಬಿಟ್ಟಿರುವುದಿಲ್ಲ, ಬಿಡುವುದಕ್ಕೆ ಕಾನೂನು ಒಪ್ಪುವುದೂ ಇಲ್ಲ. ತಯಾರಕನ ಹೆಸರು, ಊರು, ತಯಾರಾದ ತಿಂಗಳು, ತಂಡದ ಸಂಖ್ಯೆ, ಕರ್ನಾಟಕದಲ್ಲಿ ಮಾತ್ರ ಮಾರತಕ್ಕದ್ದೆಂಬ ನಿರ್ಬಂಧ, ಮುಚ್ಚಳದಿಂದ ಕತ್ತಿನವರೆಗೆ ಇಳಿಬಿದ್ದ ಅಬಕಾರಿ ಇಲಾಖೆಯ ಅಂಟುಚೀಟಿ, ಇವೆಲ್ಲವೂ ಆ ಎರಡಂಗುಲದ ಜಾಗದಲ್ಲಿಯೇ ಒತ್ತಿಕೊಂಡು ನಿಂತಿರುತ್ತವೆ. ಭೂತಗಾಜನ್ನು ಹಿಡಿದು ಇನ್ನೂ ಕೆಳಗಿಳಿದರೆ ಶೇಕಡಾ 42.8 ಎಂಬ ವಿಚಿತ್ರವಾದ ಸಂಖ್ಯೆಯೊಂದು, ಅದರ ಮಗ್ಗುಲಲ್ಲಿ 25 ಯು.ಪಿ. ಎಂಬ ಅಕ್ಷರಗಳು ಕಾಣುವುವು. ನಲವತ್ತಲ್ಲ, ನಲವತ್ತೈದಲ್ಲ, ನಲವತ್ತೆರಡು ದಶಾಂಶ ಎಂಟೇ ಏಕೆ? ಹಿಂದೆ ಇಂಗ್ಲೆಂಡಿನಲ್ಲಿ ಮದ್ಯದ ಸಾರವನ್ನು ಪರೀಕ್ಷಿಸುವಾಗ ಅದನ್ನು ಕೋವಿಮದ್ದಿನ ಮೇಲೆ ಸುರಿದು ಕಿಚ್ಚಿಡುತ್ತಿದ್ದರಂತೆ. ತೊಯ್ದ ಮದ್ದು ಹತ್ತಿ ಉರಿದರೆ ಮದ್ಯ ಪ್ರಮಾಣಸಿದ್ಧ, ಇಲ್ಲವಾದರೆ ನೀರು ಬೆರೆತದ್ದು. ಹೀಗೆ ಉರಿಯುವ ಮದ್ಯದಲ್ಲಿ ಮದ್ಯಸಾರವು ನೂರಕ್ಕೆ 57.1 ಪಾಲು ಇರುವುದೆಂದು ಮುಂದೆ ಲೆಕ್ಕ ಹಾಕಿದರು. ಆ ಪ್ರಮಾಣಕ್ಕಿಂತ ನೂರಕ್ಕೆ 25 ಅಂಶ ಕೆಳಗಿಳಿಸಿದರೆ, ಎಂದರೆ 25 'ಅಂಡರ್ ಪ್ರೂಫ್' ಅಥವಾ ಯು.ಪಿ. ಆದರೆ, ದೊರೆಯುವುದೇ ನಮ್ಮ 42.8. ಕೋವಿಮದ್ದು ಹೋಯಿತು, ಇಂಗ್ಲಿಷರು ಹೋದರು. ಅವರ ಅಂಕಿ ಮಾತ್ರ ಶಿರಾಳಕೊಪ್ಪದ ಸಂತೆಬೀದಿಯ ಅಂಗಡಿಯಲ್ಲಿಯೂ ಸೀಸೆಯ ಬೆನ್ನಿನ ಮೇಲೆ ಕುಳಿತಿದೆ. ಇಂತಹದನ್ನು ಓದಬಲ್ಲವನಿಗೆ ಕಿರುಸೀಸೆಯು ಗಾಜಿನಲ್ಲಿ ಬರೆದ ಒಂದು ಪುಟ್ಟ ಶಾಸನವೇ ಸರಿ. ತಾಳಗುಂದದ ಸ್ತಂಭವಿರುವ ಸೀಮೆಯವರಿಗೆ ಶಾಸನವನ್ನು ಓದುವ ಹಂಬಲ ಹೊಸತಲ್ಲ.

ಇನ್ನು ಇದರ ಪೂರ್ವೋತ್ತರ. ಸೀಸೆಯನ್ನು ಚಿಕ್ಕದು ಮಾಡಿದವನು ಮೊದಲು ವ್ಯಾಪಾರಿ. ತನ್ನ ಸರಕಿನ ಮಾದರಿಯನ್ನು ಅಂಗಡಿಕಾರನಿಗೆ ತೋರಿಸಲು ದೊಡ್ಡ ಸೀಸೆಯನ್ನು ಹೊತ್ತು ತಿರುಗುವುದು ಕಷ್ಟ, ಪುಕ್ಕಟೆ ಕೊಡುವುದು ಇನ್ನೂ ಕಷ್ಟ. ಐರ್ಲೆಂಡಿನ ಡಬ್ಲಿನ್ ನಗರದ ಜಾನ್ ಪವರ್ ಎಂಬ ಮನೆತನದ ಭಟ್ಟಿಯಿಂದ ಬಂದ 'ಬೇಬಿ ಪವರ್' ಎಂಬ ಶಿಶುಸೀಸೆಯು ಈ ಕುಲದ ಪ್ರಾಚೀನರಲ್ಲಿ ಒಂದೆಂದು ಸಂಗ್ರಾಹಕರು ಗೌರವಿಸುವರು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿದ್ದು ಅದು ತೆರವಾದೊಡನೆ, ಮರೆತುಹೋಗಿದ್ದ ತಮ್ಮ ಹೆಸರುಗಳನ್ನು ಜನಕ್ಕೆ ನೆನಪಿಸಲೆಂದು ತಯಾರಕರು ಕಿರುಸೀಸೆಗಳನ್ನು ಮಳೆಗರೆದರು. ಎರಡನೆಯ ಮಹಾಯುದ್ಧದ ತರುವಾಯ ವಿಮಾನಗಳು ಬಂದುವು; ಆಕಾಶದಲ್ಲಿ ಒಬ್ಬ ಪ್ರಯಾಣಿಕನಿಗೆ ಒಂದೇ ಪಾತ್ರೆ, ಅಳೆಯುವ ತೊಂದರೆಯಿಲ್ಲ, ಚೆಲ್ಲುವ ಭಯವಿಲ್ಲ. 1974ರಲ್ಲಿ ಹಾಂಗ್‌ಕಾಂಗಿನ ಹಿಲ್ಟನ್ ಹೋಟೆಲಿನವರು ಕೊಠಡಿಕೊಠಡಿಗೂ ಒಂದು ಪುಟ್ಟ ಶೀತಪೆಟ್ಟಿಗೆಯಿರಿಸಿ ಅದರಲ್ಲಿ ಇವನ್ನು ಸಾಲಾಗಿ ನಿಲ್ಲಿಸಿದರು. ಜರ್ಮನಿಯ ಉಂಡರ್‌ಬರ್ಗ್ ಎಂಬ ಕಹಿಮೂಲಿಕೆಗಳ ಅರಿಷ್ಟವು 1949ರಿಂದ, ತವುಡುಬಣ್ಣದ ಕಾಗದ ಸುತ್ತಿದ 20 ಮಿಲಿಲೀಟರಿನ ಸೀಸೆಯಲ್ಲಿ ಬರುತ್ತಿದೆ. ಊಟವಾದ ಮೇಲೆ ಒಂದೇ ಗುಟುಕಿಗೆ ಕುಡಿದು ಮುಗಿಸತಕ್ಕದ್ದು. (ಅರಿಷ್ಟವೆಂದೊಡನೆ ನೆನಪಾಯಿತು: ಸ್ವಯಂಜನಿತ ಮದ್ಯಸಾರವಿರುವುದೆಂದು ಚೀಟಿಯಲ್ಲಿಯೇ ಮುದ್ರಿತವಾಗಿರುವ ದ್ರಾಕ್ಷಾರಿಷ್ಟ ಅಶೋಕಾರಿಷ್ಟಗಳ ಸೀಸೆಗಳು ನಮ್ಮ ಪರಮ ಮಡಿವಂತರ ಮನೆಗಳ ಗೂಡಿನಲ್ಲಿಯೂ ನಿರಾತಂಕವಾಗಿ ಕುಳಿತಿರುವುದನ್ನು ಯಾರೂ ಪ್ರಶ್ನಿಸಿದಂತಿಲ್ಲ.)

ವಿಮಾನದ ಮಾತಿಗೆ ಬಂದರೆ, ಕಿರುಸೀಸೆಗಳ ಇತಿಹಾಸದಲ್ಲಿ ಅತ್ಯಂತ ರಮಣೀಯವಾದ ಪ್ರಕರಣವೊಂದನ್ನು ಹೇಳಲೇಬೇಕು. ಹಾಲೆಂಡಿನ ಕೆಎಲ್‌ಎಂ ವಿಮಾನ ಸಂಸ್ಥೆಯು 1952ರಿಂದ ತನ್ನ ಮೇಲ್ದರ್ಜೆಯ ಪ್ರಯಾಣಿಕರಿಗೆ ಬಿಳಿ ಮತ್ತು ನೀಲಿ ಬಣ್ಣದ ಪಿಂಗಾಣಿಯ ಪುಟ್ಟ ಮನೆಯೊಂದನ್ನು ಕೊಡುತ್ತ ಬಂದಿದೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆಯ ದಂಡೆಯ ಮೇಲೆಯೋ ಇನ್ನಾವುದೋ ಊರಿನಲ್ಲಿಯೋ ನಿಜವಾಗಿ ನಿಂತಿರುವ ಕಟ್ಟಡವೊಂದರ ಪ್ರತಿಕೃತಿ ಅದು. ಕಿಟಕಿಯ ಚೌಕಟ್ಟು, ಚಾವಣಿಯ ಮೆಟ್ಟಿಲಂಚು, ಬಾಗಿಲ ಮೇಲಣ ಕುಸುರಿ, ಯಾವುದೂ ತಪ್ಪಿಲ್ಲ. ಹೊಗೆಗೂಡಿನ ಜಾಗದಲ್ಲಿ ಬಿರಡೆ. ಒಳಗೆ ಬೋಲ್ಸ್ ಸಂಸ್ಥೆಯವರು ಕಾಸಿದ ಯೆನೇವರ್ ಎಂಬ ಡಚ್ಚರ ಮದ್ಯ. ಇದು ಹುಟ್ಟಿದ ಬಗೆ ಇನ್ನೂ ಸ್ವಾರಸ್ಯ. ಆ ಕಾಲದಲ್ಲಿ ವಿಮಾನ ಸಂಸ್ಥೆಗಳು ಪೈಪೋಟಿಯಿಂದ ಪ್ರಯಾಣಿಕರಿಗೆ ಉಡುಗೊರೆಗಳನ್ನು ಹಂಚಿ ಕೆಡದಿರಲೆಂದು, ಉಡುಗೊರೆಯ ಬೆಲೆ ಮುಕ್ಕಾಲು ಡಾಲರನ್ನು ಮೀರಕೂಡದೆಂಬ ನಿಯಮವಿದ್ದಿತು. ಪಿಂಗಾಣಿಯ ಮನೆಯನ್ನು ಕೊಟ್ಟಾಗ ಉಳಿದವರು ದೂರಿತ್ತರು. ಕೆಎಲ್‌ಎಂನವರ ಸಮಾಧಾನ ಸರಳವಾಗಿದ್ದಿತು: ತಾವು ಕೊಟ್ಟದ್ದು ಉಡುಗೊರೆಯಲ್ಲ, ಪಾನೀಯ, ಪಾನೀಯವನ್ನು ಗಾಜಿನ ಲೋಟದಲ್ಲಿಯೇ ಕೊಡಬೇಕೆಂದು ಯಾವ ಕಾನೂನು ಹೇಳುತ್ತದೆ? ನಮ್ಮ ಹಳ್ಳಿಯ ಪಟೇಲರ ಚಾವಡಿಯಲ್ಲಿ ಈ ವಾದ ನಡೆದಿದ್ದರೆ ಅಲ್ಲಿ ಕೂತವರೆಲ್ಲ ತಲೆದೂಗುತ್ತಿದ್ದರು. ಅಂದಿನಿಂದ ಮನೆಗಳ ಸಂಖ್ಯೆ ಬೆಳೆಯುತ್ತ ಹೋಗಿ, ಈಗ ಪ್ರತಿವರ್ಷ ಅಕ್ಟೋಬರ್ 7ರಂದು, 1919ರಲ್ಲಿ ಸಂಸ್ಥೆ ಹುಟ್ಟಿದ ದಿನದಂದು, ಹೊಸದೊಂದು ಮನೆ ಪ್ರಕಟವಾಗುತ್ತದೆ. ಮನೆಯ ಸಂಖ್ಯೆಯೂ ಸಂಸ್ಥೆಯ ವಯಸ್ಸೂ ಒಂದೇ. 2019ರಲ್ಲಿ ಬಂದ ನೂರನೆಯದು ಹೇಗ್ ನಗರದ ರಾಜಮನೆತನದ ಅರಮನೆಯ ಪ್ರತಿಕೃತಿ. ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿಗೂ ಆ ಸಂಸ್ಥೆಯ ವಿಮಾನ ಬರತೊಡಗಿತಾದ್ದರಿಂದ, ಯೂರೋಪಿನಲ್ಲಿ ಉದ್ಯೋಗಕ್ಕಿರುವ ನಮ್ಮ ಹುಡುಗರ ಪೆಟ್ಟಿಗೆಯಲ್ಲಿ ಇಂತಹ ಮನೆಯೊಂದು ಮಲೆನಾಡಿನವರೆಗೆ ಪ್ರಯಾಣ ಮಾಡಿದರೆ ಆಶ್ಚರ್ಯವಿಲ್ಲ. ತಂದು ನಡುಮನೆಯ ಗಾಜಿನ ಕಪಾಟಿನಲ್ಲಿ ಚನ್ನಪಟ್ಟಣದ ಗೊಂಬೆಯ ಪಕ್ಕದಲ್ಲಿಟ್ಟರೆ, ಅದರ ಹೊಟ್ಟೆಯಲ್ಲೇನಿದೆಯೆಂಬುದು ಮನೆಯ ಹಿರಿಯರಿಗಾಗಲಿ ಬಂದು ಹೋಗುವ ನೆಂಟರಿಗಾಗಲಿ ತಿಳಿಯಲು ದಾರಿಯಿಲ್ಲ. ತಿಳಿಸುವುದು ಬಿಡುವುದು ಮಗನ ಸತ್ಯನಿಷ್ಠೆಗೆ ಬಿಟ್ಟದ್ದು.

ಸಂಗ್ರಹವು ಎಲ್ಲಿಯವರೆಗೆ ಬೆಳೆಯಬಹುದೆಂಬುದಕ್ಕೆ ನಾರ್ವೆಯ ಓಸ್ಲೋ ನಗರದಲ್ಲಿ 2003ರಲ್ಲಿ ತೆರೆದ ಕಿರುಸೀಸೆಗಳ ವಸ್ತುಸಂಗ್ರಹಾಲಯವೇ ಸಾಕ್ಷಿ. ಬೀರು ತಯಾರಿಕೆಗೆ ಹೆಸರಾದ ರಿಂಗ್ನೆಸ್ ಮನೆತನದ ಕ್ರಿಶ್ಚಿಯನ್ ರಿಂಗ್ನೆಸ್ ಎಂಬಾತ ಬಾಲ್ಯದಿಂದ ಕೂಡಿಟ್ಟ ಐವತ್ತು ಸಾವಿರಕ್ಕೂ ಮಿಕ್ಕ ಸೀಸೆಗಳು ಅಲ್ಲಿ ಸೇರಿದುವು. ಐವತ್ತು ಸಾವಿರ! ಒಬ್ಬನ ಹವ್ಯಾಸವು ಮನೆಯನ್ನು ಮೀರಿ ಬೀದಿಗೆ ಬಂದು ತನಗೊಂದು ಕಟ್ಟಡವನ್ನೇ ಸಂಪಾದಿಸಿಕೊಂಡಿತೆಂದಾಯಿತು. ಇಷ್ಟು ಸಂಖ್ಯೆಯ ಮುಂದೆ ನನಗೇನೋ ಬೆರಗಿಗಿಂತ ಆಯಾಸವೇ ಹೆಚ್ಚು. ಅದಕ್ಕಿಂತ ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿರುವ ರಾಣಿ ಮೇರಿಯ ಗೊಂಬೆಮನೆಯ ನೆಲಮಾಳಿಗೆಯನ್ನು ಕುರಿತು ಓದುವುದು ಹಿತ. ನವದೆಹಲಿಯ ರಾಷ್ಟ್ರಪತಿ ಭವನವನ್ನು ಕಟ್ಟಿಸಿದ ಎಡ್ವಿನ್ ಲಟಿಯನ್ಸ್‌ನೇ ಅದರ ಶಿಲ್ಪಿ. 1924ರಲ್ಲಿ ಮುಗಿದ ಆ ಮನೆಯಲ್ಲಿ ಪ್ರತಿಯೊಂದು ವಸ್ತುವೂ ನಿಜದ ಹನ್ನೆರಡರಲ್ಲಿ ಒಂದಂಶ. ಲಂಡನ್ನಿನ ಬೆರಿ ಬ್ರದರ್ಸ್ ಎಂಬ ಮದ್ಯದ ವರ್ತಕರು ಅಂಗುಲದೆತ್ತರದ ಸೀಸೆಗಳಲ್ಲಿ ನಿಜವಾದ ದ್ರಾಕ್ಷಾಮದ್ಯವನ್ನೇ ತುಂಬಿ, ಬಿರಡೆಯೊತ್ತಿ, ಚೀಟಿಯಂಟಿಸಿ ಆ ನೆಲಮಾಳಿಗೆಯನ್ನು ಸಜ್ಜುಗೊಳಿಸಿದರು. ಅತ್ತ ದೆಹಲಿಯಲ್ಲಿ ಸಾಮ್ರಾಜ್ಯಕ್ಕೆ ತಕ್ಕ ಭವನ, ಇತ್ತ ಅಂಗುಲದ ಸೀಸೆಗಳಿಗೆ ತಕ್ಕ ಮಾಳಿಗೆ. ಎರಡನ್ನೂ ಒಂದೇ ಕೈ ಒಂದೇ ಕಾಲದಲ್ಲಿ ರಚಿಸುತ್ತಿದ್ದಿತು.

ಚಿಕ್ಕದರಲ್ಲಿ ದೊಡ್ಡದನ್ನೆಲ್ಲ ಅಡಗಿಸುವ ಈ ಚಾತುರ್ಯವನ್ನು ಮೆಚ್ಚಲು ಸೊರಬದವರು ಇಂಗ್ಲೆಂಡಿಗೆ ಹೋಗಬೇಕಾದುದಿಲ್ಲ. ಸೊರಬ ಸಾಗರಗಳ ಗುಡಿಗಾರರು ತಲೆತಲಾಂತರದಿಂದ ಶ್ರೀಗಂಧದ ಹಲಗೆಯಲ್ಲಿ ಮಾಡುತ್ತ ಬಂದಿರುವುದು ಅದನ್ನೇ ಅಲ್ಲವೇ? ಅಂಗೈಯಗಲದ ಪೆಟ್ಟಿಗೆಯ ಮುಚ್ಚಳದಲ್ಲಿ ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಹಕ್ಕಿ, ಹಕ್ಕಿಯ ರೆಕ್ಕೆಯಲ್ಲಿ ಗೆರೆಗೆರೆಯಾದ ಗರಿ. ಉಳಿಯ ಮೊನೆ ಕೂದಲೆಳೆಯಷ್ಟು ಜಾರಿದರೂ ವಾರಗಳ ದುಡಿಮೆ ವ್ಯರ್ಥ. ಗಂಧದ ಕೊರಡು ದುರ್ಲಭವೂ ದುಬಾರಿಯೂ ಆದುದರಿಂದ ಅವರ ಕಲೆ ಚಿಕ್ಕದರತ್ತ ಒಲಿಯಿತೆಂದು ಭಾವಿಸಬಹುದು. ಅದೇ ಗಂಧದೆಣ್ಣೆಯ ವಿಷಯವೂ ಹಾಗೆಯೇ. ಮೈಸೂರಿನಲ್ಲಿದ್ದಂತೆ ಶಿವಮೊಗ್ಗೆಯಲ್ಲಿಯೂ 1944ರಲ್ಲಿ ಸರ್ಕಾರದ ಶ್ರೀಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು; ಆ ಎಣ್ಣೆಯನ್ನು ಗ್ರಾಹಕನಿಗೆ ಕೊಡುವ ಸೀಸೆ ಕಿರುಬೆರಳಿನಷ್ಟು. ಅಲ್ಲಿ ಸೀಸೆ ಚಿಕ್ಕದಾಗಿರುವುದು ಒಳಗಿನ ವಸ್ತುವಿನ ಬೆಲೆಯಿಂದ. ಮದ್ಯದ ಸೀಸೆ ಚಿಕ್ಕದಾಗಿರುವುದು ಬಹುಮಟ್ಟಿಗೆ ಹೊರಗಿನ ಕಾನೂನಿನಿಂದ, ಮತ್ತು ಕೊಳ್ಳುವವನ ಜೇಬಿನಿಂದ. ಸಂಗ್ರಾಹಕನ ಕಪಾಟನ್ನು ನೋಡುವಾಗ ಈ ಭೇದವನ್ನು ಮರೆಯಬಾರದೆಂಬುದು ನನ್ನ ಅಭಿಪ್ರಾಯ; ಇದನ್ನು ಮರೆತರೆ ಅದು ಬರಿಯ ಬಣ್ಣದ ಗಾಜು.

ಕಾನೂನು ಸೀಸೆಯನ್ನು ಚಿಕ್ಕದು ಮಾಡಿ ತಾನೇ ಮೋಸ ಹೋದ ದೃಷ್ಟಾಂತವೊಂದು ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ನಡೆಯಿತು. ಅಲ್ಲಿ 1973ರಿಂದ ಪಾನಗೃಹಗಳಲ್ಲಿ ದೊಡ್ಡ ಸೀಸೆಯಿಂದ ಬಗ್ಗಿಸುವಂತಿರಲಿಲ್ಲ. ಗಿರಾಕಿಯ ಕಣ್ಣೆದುರಿನಲ್ಲಿ ಕಿರುಸೀಸೆಯ ಮುದ್ರೆ ಒಡೆದು ಕೊಡತಕ್ಕದ್ದು. ಇದರಿಂದ ಅಳತೆಗೆ ಶಿಸ್ತು ಬರುವುದು, ತೆರಿಗೆಯ ಲೆಕ್ಕ ನೇರವಾಗುವುದು, ಕುಡಿತಕ್ಕೂ ಮಿತಿಯುಂಟಾಗುವುದೆಂದು ಶಾಸಕರ ಎಣಿಕೆ. ಆದದ್ದೇನೆಂದರೆ, ನೆರೆರಾಜ್ಯಗಳ ಪಾನಗೃಹಗಳಲ್ಲಿ ಕೈಯಳತೆಯಿಂದ ಹಾಕುತ್ತಿದ್ದುದಕ್ಕಿಂತ ಕಿರುಸೀಸೆಯ ಪ್ರಮಾಣವೇ ಹೆಚ್ಚಾಗಿದ್ದು, ಎರಡು ಮೂರು ಮದ್ಯಗಳು ಬೆರೆಯಬೇಕಾದ ಪಾನಕಕ್ಕೆ ಎರಡು ಮೂರು ಸೀಸೆಗಳನ್ನೇ ಸುರಿಯಬೇಕಾಗಿ ಬಂದು, ದೇಶದಲ್ಲಿಯೇ ಅತ್ಯಂತ ತೀಕ್ಷ್ಣವಾದ ಪಾನೀಯಗಳೆಂಬ ಖ್ಯಾತಿ ಆ ರಾಜ್ಯಕ್ಕೆ ದೊರೆಯಿತು. 2004ರಲ್ಲಿ ಜನಮತ ಪಡೆದು, 2006ರ ಆರಂಭದಿಂದ ಆ ಕಟ್ಟುಪಾಡನ್ನು ತೆಗೆದರು. ಆ ಮೂರು ದಶಕಗಳ ಸೀಸೆಗಳು ಈಗ ಸಂಗ್ರಾಹಕರ ಕಪಾಟುಗಳಲ್ಲಿವೆ.

ಈಗ ನಮ್ಮ ಸೀಮೆಗೆ ಬರೋಣ. ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿ ಬಳ್ಳಿಗಾವೆ ಮೆರೆಯುತ್ತಿದ್ದ ಕಾಲದಲ್ಲಿ ಆಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳನ್ನು ಹೇಳುವಾಗ ಮದಿರಾಪಾನವನ್ನೂ ಬಿಟ್ಟಿಲ್ಲ. ಅರಸರ ಮಾತು ಅರಸರಿಗಿರಲಿ. ಮಲೆನಾಡಿನ ಜನಸಾಮಾನ್ಯರ ಪಾನವು ಬಗನಿ ಮರದ ಕಳ್ಳು. ಹಳೆಪೈಕ ಸಮುದಾಯದವರು ಅದನ್ನಿಳಿಸುವುದರಲ್ಲಿ ನಿಪುಣರಾಗಿದ್ದರೆಂದು ಹಿಂದಿನ ವರದಿಗಳೆಲ್ಲ ಹೇಳುತ್ತವೆ. ಕಳ್ಳಿಗೆ ಸೀಸೆ ಬೇಕಿರಲಿಲ್ಲ. ಬೆಳಗ್ಗೆ ಇಳಿಸಿದ್ದು ಸಂಜೆಯೊಳಗೆ ಹುಳಿಯಾಗುವುದರಿಂದ ಮಡಕೆ ಸೋರೆಬುರುಡೆಗಳೇ ಸಾಕು. ಕೂಡಿಡುವ ಮಾತೇ ಇಲ್ಲ. ಭಟ್ಟಿಯ ಸಾರಾಯಿ ಬಂದ ಮೇಲೆ ಕಂಟ್ರಾಕ್ಟುದಾರ ಬಂದ, ಹರಾಜು ಬಂದಿತು, ಅಳತೆ ಬಂದಿತು. ಮೊದಲು ಪೀಪಾಯಿಯಿಂದ ಅಳೆದು ಕೊಡುತ್ತಿದ್ದುದು, ಆಮೇಲೆ ಪ್ಲಾಸ್ಟಿಕ್ಕಿನ ಪೊಟ್ಟಣದಲ್ಲಿ. ಹಾಲಿನ ಪೊಟ್ಟಣದ ತಮ್ಮನಂತಿದ್ದ ಆ ಪ್ಯಾಕೆಟ್ ಸಾರಾಯಿಯನ್ನು ಈಗ ನಡುವಯಸ್ಸಿನಲ್ಲಿರುವವರೆಲ್ಲ ಕಂಡಿದ್ದಾರೆ: ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ಒಂದೇ ಉಸಿರಿಗೆ ಬಾಯಿಗೆ ಹಿಂಡಿಕೊಂಡು, ಸಿಪ್ಪೆಯನ್ನು ಬೇಲಿಯ ಮೇಲೆ ಎಸೆದು ನಡೆದುಬಿಡುವುದು. ಹೊಲದ ಕೂಲಿಯ ಒಂದು ಪಾಲಿಗೆ ಸರಿಯಾಗಿ ಹೊಂದುವಂತೆ ಕತ್ತರಿಸಿದ ಅಳತೆ ಅದು. ಕೂಲಿ ಮನೆಗೆ ಮುಟ್ಟುವ ಮುನ್ನವೇ ಕರಗಿಸುವ ಶಕ್ತಿ ಅದರ ಅಲ್ಪತ್ವದಲ್ಲಿಯೇ ಇದ್ದಿತು. ದೊಡ್ಡ ಸೀಸೆಗೆ ಹಣ ಕೂಡಿಸಬೇಕು, ಪೊಟ್ಟಣಕ್ಕೆ ಕೈಯಲ್ಲಿದ್ದುದೇ ಸಾಕು.

ಶಿಕಾರಿಪುರದಿಂದ ಆರಿಸಿ ಹೋಗಿ ಆಗ ಉಪಮುಖ್ಯಮಂತ್ರಿಯೂ ಹಣಕಾಸಿನ ಮಂತ್ರಿಯೂ ಆಗಿದ್ದ ಬಿ.ಎಸ್. ಯಡಿಯೂರಪ್ಪನವರು 2007ರ ಮಾರ್ಚಿಯಲ್ಲಿ ಮಂಡಿಸಿದ ಆಯವ್ಯಯದಲ್ಲಿ ಸಾರಾಯಿಯ ನಿಷೇಧವನ್ನು ಸಾರಿದರು. ಅದೇ ವರ್ಷದ ಜುಲೈ 1ರಿಂದ ಕರ್ನಾಟಕದಲ್ಲೆಲ್ಲ ಸಾರಾಯಿ ಅಂಗಡಿಗಳು ಮುಚ್ಚಿದುವು. ರಾಜ್ಯದ ಬೊಕ್ಕಸದ ಪ್ರಧಾನ ಆದಾಯಗಳಲ್ಲಿ ಅಬಕಾರಿಯೂ ಒಂದಾದುದರಿಂದ ಆ ಘೋಷಣೆ ಸಾಮಾನ್ಯವಾದುದಾಗಿರಲಿಲ್ಲ. ಆದರೆ ಬಾಯಾರಿದವನು ಬರಿಗೈಯಲ್ಲಿ ಕೂಡಲಿಲ್ಲ. ಸಾರಾಯಿ ತೆರವು ಮಾಡಿದ ಜಾಗಕ್ಕೆ ಅಗ್ಗದ ವಿಸ್ಕಿ ಬಂದಿತು; ಅದೂ 180 ಮಿಲಿಲೀಟರಿನ ಕ್ವಾರ್ಟರಿನಲ್ಲಿ, ಅದರರ್ಧವಾದ 90ರಲ್ಲಿ, ಗಾಜು ಬಿಟ್ಟು ಹಣ್ಣಿನ ರಸದ ಡಬ್ಬದಂತಹ ಕಾಗದದ ಪೊಟ್ಟಣದಲ್ಲಿ. 'ನೈಂಟಿ' ಎಂದರೆ ಏನೆಂದು ಇಂದು ಕನ್ನಡನಾಡಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಆನವಟ್ಟಿಯ ದಾರಿಯಲ್ಲಿ, ಕೋಟಿಪುರದ ಕೈಟಭೇಶ್ವರ ದೇವಾಲಯಕ್ಕೆ ತಿರುಗುವ ಆಸುಪಾಸಿನಲ್ಲಿಯೂ, ಶಿಕಾರಿಪುರದ ಕೆರೆಯ ಏರಿಯ ಬದಿಯಲ್ಲಿಯೂ ಮುಳ್ಳುಪೊದೆಯ ಬುಡವನ್ನು ಕೋಲಿನಿಂದ ಸರಿಸಿ ನೋಡಿದರೆ, ಬಣ್ಣ ಮಾಸಿ ಹೊಟ್ಟೆ ಒಳಸರಿದ ಆ ಪೊಟ್ಟಣಗಳು ಕಾಣಸಿಗುವುವು. ಕಪಾಟಿನ ಕಿರುಸೀಸೆಗೂ ಈ ಪೊಟ್ಟಣಕ್ಕೂ ಅಳತೆಯಲ್ಲಿ ಮೂವತ್ತು ಮಿಲಿಲೀಟರಿನ ಅಂತರ. ಅವುಗಳ ಬದುಕಿನಲ್ಲಿ ಇರುವ ಅಂತರವನ್ನು ಅಳೆಯುವ ಮಾನ ನನಗೆ ತಿಳಿಯದು. ಒಂದನ್ನು ಕೊಂಡವನು ಎಂದಿಗೂ ತೆರೆಯನು, ಮತ್ತೊಂದನ್ನು ಕೊಂಡವನು ಅಂಗಡಿಯ ಮೆಟ್ಟಿಲಿಳಿಯುವ ತನಕವೂ ಕಾಯನು.

ಕನ್ನಡನಾಡಿನ ಸೀಸೆಗಳು ಹೊರನಾಡಿನ ಕಪಾಟುಗಳನ್ನು ಸೇರಿರುವುದನ್ನೂ ಇಲ್ಲಿ ಹೇಳಬೇಕು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಯವದ ವಿಸ್ಕಿಯನ್ನು ಮೊದಲು ಬಿಡುಗಡೆ ಮಾಡಿದುದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಕೊಲ್ಲನ ಬೀದಿಯಲ್ಲಿ ಸೂಜಿ ಮಾರಿದಂತಹ ಈ ಸಾಹಸ ಫಲಿಸಿತು. ಆ ವಿಸ್ಕಿಯ 50 ಮಿಲಿಲೀಟರಿನ ಸೀಸೆಗಳನ್ನು ಯೂರೋಪಿನ ಸಂಗ್ರಾಹಕರು ಭಾರತದ ಸಾಲಿನಲ್ಲಿ ಮುಂದೆ ನಿಲ್ಲಿಸುವರು.

ಹವ್ಯಾಸಕ್ಕೆ ಕೈಹಾಕುವ ಮನಸ್ಸು ಯಾರಿಗಾದರೂ ಬಂದಿದ್ದರೆ, ತಿಳಿದಿರಬೇಕಾದುವು ಕೆಲವುಂಟು. ಮದ್ಯ ತುಂಬಿದ ಸೀಸೆಯನ್ನು ಮಲಗಿಸಿಡಬಾರದು. ತೀಕ್ಷ್ಣವಾದ ಮದ್ಯವು ಬಿರಡೆಯನ್ನು ತಿಂದು ಹಾಕುವುದು. ದ್ರಾಕ್ಷಾಮದ್ಯಕ್ಕೆ ಹೇಳಿದ ನಿಯಮವನ್ನು ಇದಕ್ಕೆ ಅನ್ವಯಿಸಿ ಸೀಸೆಗಳನ್ನು ಕೆಡಿಸಿಕೊಂಡವರು ಬಹಳ. ಬಿಸಿಲು ಬಿದ್ದರೆ ಚೀಟಿಯ ಕೆಂಪು ಮೊದಲು ಹೋಗುವುದು, ಆಮೇಲೆ ಉಳಿದ ಬಣ್ಣಗಳು. ಮಲೆನಾಡಿನ ಮಳೆಗಾಲದ ಥಂಡಿಗೆ ಅಂಟು ಸಡಿಲಿ ಚೀಟಿ ಬೂಷ್ಟು ಹಿಡಿಯುವುದರಿಂದ, ಗೋಡೆಗೆ ತಾಗಿದ ಕಪಾಟು ಸಲ್ಲದು. ಮುದ್ರೆ ಒಡೆಯದಿದ್ದರೂ ಚಿಕ್ಕ ಸೀಸೆಯಿಂದ ಮದ್ಯ ವರ್ಷವರ್ಷಕ್ಕೂ ಸೂಕ್ಷ್ಮವಾಗಿ ಆವಿಯಾಗುತ್ತಲೇ ಇರುವುದು. ಕತ್ತಿನವರೆಗೆ ತುಂಬಿದ್ದ ಹಳೆಯ ಸೀಸೆ ಭುಜದ ಮಟ್ಟಕ್ಕಿಳಿದಿದ್ದರೆ ಅದು ಕಳ್ಳತನವಲ್ಲ, ಕಾಲಧರ್ಮ. ಸೀಸೆಯ ಕಾಲವನ್ನು ಗುರುತಿಸಲು ಚೀಟಿಯೇ ಪಂಚಾಂಗ: ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಚಲಾಯಿಸಬೇಡಿ ಎಂಬ ಎರಡು ಎಚ್ಚರಿಕೆಗಳೂ ಈಗಿನ ರೂಪದಲ್ಲಿ ಒಟ್ಟಿಗೆ ಇದ್ದರೆ, ಅದು ಬಹುಮಟ್ಟಿಗೆ 2019ರ ಏಪ್ರಿಲಿನಲ್ಲಿ ಆಹಾರ ಸುರಕ್ಷಾ ಪ್ರಾಧಿಕಾರದ ಹೊಸ ನಿಯಮ ಜಾರಿಗೆ ಬಂದ ನಂತರದ್ದು. ಆಕಾರದಲ್ಲಿಯೂ ಗಮನವಿರಲಿ. ಕೆಲವರು ದೊಡ್ಡದರ ರೂಪವನ್ನೇ ಚಿಕ್ಕದರಲ್ಲಿ ಪಡಿಮೂಡಿಸುವರು, ಮೂರು ಕಡೆ ಒಳಕ್ಕೆ ಚಿವುಟಿದಂತಿರುವ ಹೇಗ್ ಡಿಂಪಲ್ ವಿಸ್ಕಿಯ ಸೀಸೆ ಅದಕ್ಕೆ ಮಾದರಿ. ಮಿಕ್ಕವರು ಯಾವುದೋ ಒಂದು ಅಚ್ಚಿನ ಗಾಜಿಗೆ ತಮ್ಮ ಚೀಟಿ ಅಂಟಿಸಿ ಕೈತೊಳೆದುಕೊಳ್ಳುವರು.

ಎಲ್ಲಕ್ಕಿಂತ ಮುಖ್ಯವಾದುದು ಕಾನೂನು. ಲೈಸೆನ್ಸಿಲ್ಲದೆ ಒಬ್ಬನು ಮನೆಯಲ್ಲಿ ಎಷ್ಟು ಮದ್ಯವನ್ನಿಟ್ಟುಕೊಳ್ಳಬಹುದೆಂಬುದಕ್ಕೆ ಕರ್ನಾಟಕದ ಅಬಕಾರಿ ಕಾನೂನಿನಲ್ಲಿ ಮಿತಿಯುಂಟು. ತಾನು ಕುಡಿಯುವವನಲ್ಲ, ನೋಡುವವನು ಮಾತ್ರ ಎಂಬ ವಾದವನ್ನು ಆ ಕಾನೂನು ಕೇಳದು. ಸೀಸೆ ಚಿಕ್ಕದಾದರೂ ನೂರು ಸೇರಿದರೆ ಆರು ಲೀಟರು. ತುಂಬಿದ ಸೀಸೆಯನ್ನು ಲೈಸೆನ್ಸಿಲ್ಲದೆ ಮಾರುವುದಂತೂ ಅಪರಾಧವೇ. ಆದಕಾರಣ ತಾಲ್ಲೂಕಿನ ಅಬಕಾರಿ ಕಚೇರಿಯಲ್ಲಿ ಮಿತಿಯನ್ನು ವಿಚಾರಿಸಿಕೊಂಡು ಮುಂದುವರಿಯುವುದು ವಿವೇಕ. ಮನೆಯಲ್ಲಿ ಮಕ್ಕಳಿದ್ದರೆ ಬೀಗ ಬೇಕೇ ಬೇಕು. ಈ ಸೀಸೆಗಳು ಆಟದ ಸಾಮಾನಿನಂತೆ ಕಾಣುವುದೇ ಅವುಗಳ ದೊಡ್ಡ ದೋಷ. ನನ್ನನ್ನು ಕೇಳಿದರೆ, ಖಾಲಿ ಸೀಸೆಯನ್ನೇ ಕೂಡಿಡಿರೆಂದು ಹೇಳುವೆನು. ತುಂಬಿದ್ದಕ್ಕೆ ಮಾತ್ರ ಬೆಲೆಯೆನ್ನುವ ಸಂಗ್ರಾಹಕರು ಇದಕ್ಕೆ ಮೂಗು ಮುರಿಯುವರು. ಆದರೆ ಓದಬೇಕಾದ ಲಿಪಿಯಿರುವುದು ಚೀಟಿಯ ಮೇಲೆ, ಮುಚ್ಚಳದ ಮೇಲೆ, ಗಾಜಿನ ತಳದ ಉಬ್ಬಕ್ಷರಗಳಲ್ಲಿ. ಒಳಗಿನ ಹಳದಿ ನೀರಿನಲ್ಲಲ್ಲ. ಗುಜರಿಯವನ ಗೋಣಿಯೊಳಗೆ ಇಂದಿಗೂ ಇಂತಹವು ಕಾಸಿಗೆ ಸಿಗುತ್ತವೆ. ಗೋಲಿ ಸೋಡಾದ ಸೀಸೆಯನ್ನು ಒಂದು ಕಾಲಕ್ಕೆ ಯಾರೂ ಲೆಕ್ಕಿಸುತ್ತಿರಲಿಲ್ಲ. ಇಂಗ್ಲೆಂಡಿನ ಹಿರಮ್ ಕಾಡ್ ಎಂಬಾತ 1872ರಲ್ಲಿ ಹಕ್ಕು ಪಡೆದ ಆ ಸೀಸೆಯನ್ನು ಈಗ ಅದೇ ದೇಶದವರು ದುಡ್ಡು ಕೊಟ್ಟು ಹುಡುಕುತ್ತಿದ್ದಾರೆ.

ಶಿವಮೊಗ್ಗೆಯಲ್ಲಿ ಶಿವಪ್ಪನಾಯಕನ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಊರಿನ ಹೊರವಲಯದ ಲಕ್ಕಿನಕೊಪ್ಪದಲ್ಲಿ ನಾಣ್ಯಗಳನ್ನೂ ಹಳೆಯ ವಸ್ತುಗಳನ್ನೂ ಕೂಡಿಸಿಟ್ಟ ಖಾಸಗಿ ಸಂಗ್ರಹಾಲಯ 'ಅಮೂಲ್ಯ ಶೋಧ'ವಿದೆ. ಯೆನೇವರಿನ ಪಿಂಗಾಣಿಮನೆಗಳನ್ನು ಕಾಪಾಡಲು ಜಗತ್ತಿನಲ್ಲಿ ಸಾವಿರಾರು ಮಂದಿಯಿದ್ದಾರೆ. ಸಾರಾಯಿಯ ಪೊಟ್ಟಣವನ್ನು ಕಾಪಾಡುವವರು ಯಾರು? ಅದು ನಮ್ಮ ಕೂಲಿಕಾರರ, ಅವರ ಹೆಂಡಿರ, ನಮ್ಮ ಅಬಕಾರಿಯ ಚರಿತ್ರೆಗೆ ಸಾಕ್ಷಿಯಾದ ವಸ್ತು. ಗೌರವಕ್ಕೆ ಪಾತ್ರವಲ್ಲದಿದ್ದರೂ ದಾಖಲೆಗೆ ಪಾತ್ರವಾದುದು. ಶಿಕಾರಿಪುರ ಸೊರಬಗಳ ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾಗಲಿ, ಮುಚ್ಚಿಹೋದ ಅಂಗಡಿಯ ಹಿಂಗೋಣೆಯಲ್ಲಾಗಲಿ 2007ಕ್ಕೆ ಹಿಂದಿನ ಸಾರಾಯಿ ಪೊಟ್ಟಣ, ಅಳತೆಯ ಪಾತ್ರೆ, ಕಂಟ್ರಾಕ್ಟುದಾರರ ರಸೀದಿ, ಅಂಗಡಿಯ ತಗಡಿನ ಫಲಕ ಇವುಗಳಲ್ಲಿ ಏನಾದರೂ ಉಳಿದಿದ್ದರೆ ಅದನ್ನು ಒಲೆಗೂ ಗುಜರಿಗೂ ಹಾಕದಿರಿ; ದೊರೆತ ಊರು ಮತ್ತು ಇಸವಿಯನ್ನು ಒಂದು ಚೀಟಿಯಲ್ಲಿ ಬರೆದು ಕಟ್ಟಿ, ಸಂಗ್ರಹಾಲಯದವರಿಗೆ ತಲುಪಿಸಿರಿ.